ಗುತ್ತಿಗಾರಿನ ಹಳೆಯ ಕಲ್ಲುಗಳು

ಸುಳ್ಯದಿಂದ ಸುಬ್ರಹ್ಮಣ್ಯಕ್ಷೇತ್ರಕ್ಕೆ ಹೋಗುವ ಯಾತ್ರಿಕರಲ್ಲಿ ಅನೇಕರು ಗುತ್ತಿಗಾರನ್ನು ದಾರಿಯ ಮೇಲಣ ಒಂದು ಪೇಟೆಯೆಂದು ಮಾತ್ರ ಬಲ್ಲರು. ತಗ್ಗಿನಲ್ಲಿ ಅಡಕೆಯ ತೋಟಗಳು, ಅವುಗಳ ಮೇಲ್ಗಡೆಯಲ್ಲಿ ರಬ್ಬರಿನ ಗುಡ್ಡಗಳು, ಅದಕ್ಕೂ ಆಚೆಗೆ ಘಟ್ಟದ ಕಾಡು. ಪೇಟೆಯಲ್ಲಿ ಗಳಿಗೆ ಹೊತ್ತು ನಿಂತರೆ ಅರೆಭಾಷೆ, ತುಳು, ಕನ್ನಡ, ಮಲಯಾಳಗಳು ಒಂದೇ ಅಂಗಡಿಯ ಜಗಲಿಯಲ್ಲಿ ಕಿವಿಗೆ ಬೀಳುವುವು. ಇಂತಹ ಊರಿಗೆ ಪ್ರಾಚೀನ ಚರಿತ್ರೆಯುಂಟೇ ಎಂದು ಕೇಳುವವರಿಗೆ ಉಂಟೆಂದೇ ನಮ್ಮ ಉತ್ತರ. ಆದರೆ ಅದನ್ನು ಓದುವ ಕ್ರಮವನ್ನು ನಾವು ಕಲಿಯಬೇಕು; ಅದು ಅಳಿಸಿಹೋಗುವ ಮುನ್ನವೇ ಕಲಿಯಬೇಕು.

ಈ ಪ್ರಾಂತದ ಚರಿತ್ರೆಯೆಂದೊಡನೆ ಎಲ್ಲರ ಬಾಯಲ್ಲಿಯೂ ಬರುವುದು 1837ರ ದಂಗೆಯ ಕಥೆ. ಅಮರಸುಳ್ಯ ಮಾಗಣೆಯು ಕೊಡಗಿನ ಅರಸರ ಕೈಯಲ್ಲಿದ್ದು, 1834ರಲ್ಲಿ ಕೊಡಗು ಕುಂಪಣಿಯ ವಶವಾದ ಬಳಿಕ ಕನ್ನಡ ಜಿಲ್ಲೆಗೆ ಸೇರಿತು. ಮೂರು ವರ್ಷಗಳಲ್ಲಿ ಇಲ್ಲಿಯ ರೈತರು ಎದ್ದು, ಬೆಳ್ಳಾರೆಯ ಖಜಾನೆಯನ್ನು ಹಿಡಿದು, ಮಂಗಳೂರಿನವರೆಗೂ ಹೋದರು. ಇದು ಸ್ಮರಣೀಯವಾದ ಸಂಗತಿಯೇ ಸರಿ. ಆದರೆ ಅದಕ್ಕೂ ಹಿಂದೆ ಆಳುಪರು ಏಳನೆಯ ಶತಮಾನದಿಂದ ಹದಿನಾಲ್ಕನೆಯ ಶತಮಾನದವರೆಗೆ ತುಳುನಾಡನ್ನಾಳಿದರು. ವಿಜಯನಗರದ ಕಾಲದಲ್ಲಿ ಬಾರಕೂರು, ಮಂಗಳೂರು ಎಂಬ ಎರಡು ರಾಜ್ಯಗಳಲ್ಲಿ ಅಧಿಕಾರಿಗಳಿದ್ದರು. ಆ ದೀರ್ಘಕಾಲದಲ್ಲಿ ಘಟ್ಟದ ಬುಡದ ಈ ಊರುಗಳಲ್ಲಿ ಗದ್ದೆಯನ್ನು ಕಡಿದವರಾರು, ದೇವರನ್ನು ನಿಲ್ಲಿಸಿದವರಾರು? ಕಾಗದಗಳು ಇದಕ್ಕೆ ಉತ್ತರ ಕೊಡಲಾರವು. ಕೊಟ್ಟರೆ ಕಲ್ಲುಗಳೇ ಕೊಡಬೇಕು.

ಬಯಲುಸೀಮೆಯಿಂದ ಬಂದವರು ಬೇಲೂರು ಹಳೇಬೀಡುಗಳಂತಹ ಕಟ್ಟಡಗಳನ್ನು ಇಲ್ಲಿ ಹುಡುಕಿ ನಿರಾಶರಾಗುವುದುಂಟು. ಅದಕ್ಕೆ ಕಾರಣ ಮಳೆ. ತಿಂಗಳುಗಟ್ಟಲೆ ಸುರಿಯುವ ಮಳೆಯಲ್ಲಿ ಮನೆಯೂ ಗುಡಿಯೂ ಮಣ್ಣು, ಮುರಕಲ್ಲು, ಮರ, ಮುಳಿಹುಲ್ಲುಗಳಿಂದಲೇ ಏಳುತ್ತಿದ್ದುವು. ಮಾಡು ಬಿದ್ದ ಮೇಲೆ ಮರವನ್ನು ಗೆದ್ದಲು ತಿನ್ನುವುದು; ಮಣ್ಣು ಮಣ್ಣಿಗೆ ಸೇರುವುದು. ಉಳಿಯುವುದು ಅಡಿಗಲ್ಲು, ಪಾಣಿಪೀಠ, ಬಲಿಕಲ್ಲು, ಮೆಟ್ಟಿಲು, ಬಾವಿ, ಕೆರೆ ಇಷ್ಟೇ. ಆದಕಾರಣ ಇಲ್ಲಿಯ ಪುರಾತನ ಸ್ಥಳಗಳು ಕಣ್ಣಿಗೆ ದೊಡ್ಡದಾಗಿ ಕಾಣಿಸುವುದಿಲ್ಲ. ಕಾಡುಬಳ್ಳಿ ಮುಸುಕಿದ ಒಂದು ದಿಣ್ಣೆ, ತೋಟದ ಮೂಲೆಯಲ್ಲಿ ಚೌಕವಾದ ಒಂದು ಕಲ್ಲು, ಇವೇ ಅವುಗಳ ಗುರುತು.

ಗುತ್ತಿಗಾರಿಗೆ ಸೇರಿದ ವಳಲಂಬೆಯಲ್ಲಿ ಶಂಖಪಾಲ ಸುಬ್ರಹ್ಮಣ್ಯನ ದೇವಸ್ಥಾನವಿರುವುದು. ಶಂಖಪಾಲನೆಂಬುದು ನಾಗರಾಜರಲ್ಲೊಬ್ಬನ ಹೆಸರು. ಸಮೀಪದ ಪಂಜದಲ್ಲಿ ಪಂಚಲಿಂಗೇಶ್ವರನೂ, ತೊಡಿಕಾನದಲ್ಲಿ ಮಲ್ಲಿಕಾರ್ಜುನನೂ ನೆಲೆಸಿರುವರು. ಸುಬ್ರಹ್ಮಣ್ಯನ ಸನ್ನಿಧಿಗೆ ಹತ್ತಿರವಾದ ಈ ನಾಡಿನಲ್ಲಿ ನಾಗಾರಾಧನೆ ಮನೆಮನೆಯ ಧರ್ಮ. ನಾಗಬನದ ಮರಗಳನ್ನು ಕಡಿಯಬಾರದೆಂಬ ಹಿರಿಯರ ಕಟ್ಟಳೆಯಿಂದ ಹಳೆಯ ಶಿಲೆಗಳಿಗೂ ಅಲ್ಲಿ ಆಶ್ರಯ ದೊರಕಿದೆ. ಭಯಭಕ್ತಿಯು ಚರಿತ್ರೆಯನ್ನು ಕಾಪಾಡಿದ ಉದಾಹರಣೆಯಿದು.

ಕಲ್ಲುಗಳ ಭಾಷೆಯೂ ಅಷ್ಟೇನೂ ಕಠಿನವಲ್ಲ. ಲಿಂಗವನ್ನು ಕೆತ್ತಿದ ಗಡಿಗಲ್ಲು ಶಿವಾಲಯಕ್ಕೆ ಬಿಟ್ಟ ಭೂಮಿಯ ಮೇರೆಯನ್ನು ತೋರಿಸುವುದು; ಕೊಡೆ ಹಿಡಿದ ವಾಮನನಿದ್ದರೆ ವಿಷ್ಣುವಿನ ಭೂಮಿ; ಮುಕ್ಕೊಡೆಯಿದ್ದರೆ ಬಸದಿಯ ಭೂಮಿ. ಶಾಸನದ ತಲೆಯಲ್ಲಿ ಸೂರ್ಯಚಂದ್ರರಿದ್ದರೆ, ಅವರಿರುವವರೆಗೂ ದಾನವು ನಡೆಯಲೆಂಬ ಅಭಿಪ್ರಾಯ. ಹೋರಾಡುವವನ ಚಿತ್ರದ ಮೇಲೆ ಅಪ್ಸರೆಯರು ಅವನನ್ನೊಯ್ಯುವ ಚಿತ್ರವಿದ್ದರೆ ಅದು ವೀರಗಲ್ಲು. ಬಳೆ ತೊಟ್ಟು ಮೇಲೆತ್ತಿದ ಕೈಯೊಂದಿದ್ದರೆ ಮಾಸ್ತಿಕಲ್ಲು. ಇಷ್ಟನ್ನು ಬಲ್ಲ ಬಾಲಕನು ಕೂಡ ಬಟ್ಟೆ ಒಗೆಯುವ ಕಲ್ಲಿನಲ್ಲಿ ತನ್ನ ಊರಿನ ಚರಿತ್ರೆಯನ್ನು ಗುರುತಿಸಬಲ್ಲನು.

ಅಕ್ಷರಗಳ ಬೆಲೆಯೆಷ್ಟೆಂಬುದಕ್ಕೆ ಮಂಗಳೂರಿನ ಕದ್ರಿಯೇ ಸಾಕ್ಷಿ. ಅಲ್ಲಿಯ ಮಂಜುನಾಥನ ಆಲಯದಲ್ಲಿ ಲೋಕೇಶ್ವರನ ಭವ್ಯವಾದ ಲೋಹವಿಗ್ರಹವಿದೆ. ಅದನ್ನು ಆಳುಪ ಕುಂದವರ್ಮನು 968ರಲ್ಲಿ ಕದಿರಿಕಾ ವಿಹಾರದಲ್ಲಿ ಪ್ರತಿಷ್ಠಿಸಿದನೆಂದು ಪೀಠದ ಸಂಸ್ಕೃತ ಲೇಖನದಿಂದ ತಿಳಿದುಬಂದಿತು. ಆ ಪೀಠವನ್ನು ಯಾರಾದರೂ ಉಜ್ಜಿ ನುಣುಪಾಗಿಸಿದ್ದರೆ ಅರಸನ ಹೆಸರೂ ಹೋಗುತ್ತಿತ್ತು, ವರ್ಷವೂ ಹೋಗುತ್ತಿತ್ತು, ಅಲ್ಲೊಂದು ವಿಹಾರವಿತ್ತೆಂಬ ಮಾತೂ ಹೋಗುತ್ತಿತ್ತು.

ಇಂದು ಆ ಭಯವೇ ನಮ್ಮನ್ನು ಕಾಡುವುದು. ಊರು ಸಂಪನ್ನವಾದಂತೆ ದೇವಸ್ಥಾನಗಳ ಜೀರ್ಣೋದ್ಧಾರಗಳೂ ಬ್ರಹ್ಮಕಲಶಗಳೂ ಹೆಚ್ಚಾಗಿವೆ, ಸಂತೋಷವೇ. ಅಷ್ಟಮಂಗಲ ಪ್ರಶ್ನೆಯಲ್ಲಿ ಹಳೆಯ ಸಾನ್ನಿಧ್ಯವೊಂದು ಕಾಣಿಸಿತೆಂದು ಕಾಡನ್ನು ಸವರಿದಾಗ ನೆಲಗಟ್ಟುಗಳು ಹೊರಬೀಳುವುದೂ ಉಂಟು. ಆದರೆ ಹೊಸ ಶಿಲೆ ಬಂದೊಡನೆ ಹಳೆಯ ಕಲ್ಲುಗಳು ಅಡಿಪಾಯದ ತುಂಬುಗಲ್ಲುಗಳಾಗುವುವು. ಭಿನ್ನವಾದ ವಿಗ್ರಹವು ಹೊಳೆಯ ಪಾಲಾಗುವುದು. ಶಾಸನಕ್ಕೆ ಎಣ್ಣೆಬಣ್ಣ ಬೀಳುವುದು. ಅತ್ತ ಗುಡ್ಡವನ್ನು ಸಮಮಾಡುವ ಮಣ್ಣಗೆಯುವ ಯಂತ್ರಕ್ಕೆ ದಿಣ್ಣೆಗೂ ಪುರಾತನ ಪಂಚಾಂಗಕ್ಕೂ ಭೇದವೇ ಇಲ್ಲ. ಎಂಟುನೂರು ವರ್ಷಗಳ ಮಳೆಗೆ ಜಗ್ಗದಿದ್ದುದು ಒಂದು ಮಧ್ಯಾಹ್ನದಲ್ಲಿ ಮುಗಿದುಹೋಗುವುದು.

ಇಂಗ್ಲೆಂಡಿನಲ್ಲಿ ಒಂದೊಂದು ಇಗರ್ಜಿಗೆ ಸೇರಿದ ಸಣ್ಣ ಗ್ರಾಮಗಳ ವಿಷಯದಲ್ಲಿಯೂ ವಿದ್ವಾಂಸರು ಶ್ರಮಿಸುವರು. ಯಾರ್ಕ್‌ಷೈರಿನ ವ್ಹಾರಮ್ ಪರ್ಸಿ ಎಂಬ ಪಾಳುಹಳ್ಳಿಯನ್ನು 1950ರಿಂದ 1990ರವರೆಗೆ ಪ್ರತಿ ಬೇಸಗೆಯಲ್ಲಿಯೂ ಅಗೆದು, ಅರಸರ ಕಥೆಯನ್ನಲ್ಲ, ಒಕ್ಕಲುಮಕ್ಕಳ ಮನೆಗಳನ್ನೂ ಮಡಕೆಗಳನ್ನೂ ಕುರಿತು ತಿಳಿದರು. 1997ರಿಂದ ಅಲ್ಲಿ ಹೊಲದಲ್ಲಿ ಸಿಕ್ಕಿದ ಹಳೆಯ ನಾಣ್ಯ, ಗುಂಡಿಗಳನ್ನು ಜನರೇ ತಂದು ದಾಖಲೆ ಮಾಡಿಸುವ ಏರ್ಪಾಡೊಂದು ನಡೆದುಬಂದಿದೆ. ನಮ್ಮ ಒಕ್ಕಲುಮಕ್ಕಳ ಮಡಕೆಗಳು ಅವರವುಗಳಿಗಿಂತ ಕೀಳಾದುವೇನೂ ಅಲ್ಲ.

ನಮ್ಮಲ್ಲಿಯೂ ಶ್ರಮಿಸಿದವರಿಲ್ಲವೆಂದಲ್ಲ. ಗಣಪತಿರಾವ್ ಐಗಳು 1923ರಲ್ಲಿ ಜಿಲ್ಲೆಯ ಪ್ರಾಚೀನ ಇತಿಹಾಸವನ್ನು ಕನ್ನಡದಲ್ಲಿ ಬರೆದರು. ಪಾದೂರು ಗುರುರಾಜ ಭಟ್ಟರು ಗುಡಿಯಿಂದ ಗುಡಿಗೆ ಅಲೆದು, ಶಿಲ್ಪಗಳನ್ನು ಪರೀಕ್ಷಿಸಿ, 1975ರಲ್ಲಿ ತಮ್ಮ ಬೃಹದ್ಗ್ರಂಥವನ್ನು ಪ್ರಕಟಿಸಿದರು. ಆದರೆ ಹೊರಗಿನ ವಿದ್ವಾಂಸನು ಎಷ್ಟು ತೋಟಗಳನ್ನು ಹೊಕ್ಕಾನು? ಊರವರೇ ಕಣ್ಣಿಡಬೇಕು.

ಮಾಡಬೇಕಾದುದು ಸ್ವಲ್ಪವೇ. ಅಕ್ಷರವುಳ್ಳ ಕಲ್ಲು ಸಿಕ್ಕಿದರೆ ತಂತಿಯ ಕುಂಚದಿಂದ ಉಜ್ಜಬಾರದು. ಸುಣ್ಣವನ್ನಾಗಲಿ ಬಣ್ಣವನ್ನಾಗಲಿ ತುಂಬಬಾರದು. ಬೆಳಗಿನ ಅಥವಾ ಸಂಜೆಯ ಓರೆಬಿಸಿಲಿನಲ್ಲಿ ಚಿತ್ರ ತೆಗೆದು, ಸಿಕ್ಕಿದ ಸ್ಥಳವನ್ನು ಬರೆದಿಟ್ಟು, ಪುರಾತತ್ತ್ವದ ಇಲಾಖೆಗೆ ತಿಳಿಸಬೇಕು. ಬಲ್ಲವರು ಒದ್ದೆಯ ಕಾಗದವನ್ನು ಕಲ್ಲಿಗೆ ಬಡಿದು, ಮಸಿಯೊತ್ತಿ ಪಡಿಯಚ್ಚನ್ನು ತೆಗೆಯುವರು. ಕಲ್ಲಿಗೆ ಅದರಿಂದ ಹಾನಿಯಿಲ್ಲ. ಜೀರ್ಣೋದ್ಧಾರದ ಸಮಿತಿಯವರು ಅಂಗಣದ ಒಂದು ಮೂಲೆಯಲ್ಲಿ ನಾಲ್ಕು ಕಂಬಗಳ ಮಾಡೊಂದನ್ನು ಕಟ್ಟಿ, ಹಳೆಯ ಕಲ್ಲುಗಳನ್ನು ಅಲ್ಲಿ ಸಾಲಾಗಿ ನಿಲ್ಲಿಸಿದರೆ, ಬ್ರಹ್ಮಕಲಶದ ವೆಚ್ಚದಲ್ಲಿ ಅದು ಲೆಕ್ಕಕ್ಕೇ ಬಾರದು. ಮನೆಯ ಹಿರಿಯರು ತೋಟದ ಯಾವ ಮೂಲೆಗೆ ಯಾವ ಹೆಸರಿತ್ತೆಂಬುದನ್ನು ಮಕ್ಕಳಿಗೆ ಹೇಳಿ ಬರೆಯಿಸಲಿ. ಬಸದಿ, ಕೋಟೆ, ಬೀಡು ಎಂಬ ಹೆಸರುಗಳು ಕಟ್ಟಡವಳಿದ ಮೇಲೆಯೂ ನೆಲದಲ್ಲಿ ಉಳಿಯುವುವು. ಹೇಳುವ ಬಾಯಿ ನಿಂತರೆ ಮಾತ್ರ ಅವೂ ಅಳಿಯುವುವು.