ಬಾ ಎಂದರೆ ಬಾ ಅನ್ನಬಹುದೇ?

ಸ್ಪ್ಯಾನಿಶ್ ಭಾಷೆಯಲ್ಲಿ ‘ಬಾ’ ಅನ್ನೋಕೆ ‘ಬೆನ್’ ಅಂತಾರೆ. ‘ಬನ್ನಿ’ ಅನ್ನೋಕೆ ‘ಬೆಂಗಾ’. ಬರೆಯುವಾಗ ‘ವ’ಕ್ಕೆ ಬಳಸುವ ಅಕ್ಷರ ಇದ್ದರೂ ಬಾಯಲ್ಲಿ ಅದು ‘ಬ’ ಆಗಿಯೇ ಹೊರಡುತ್ತದೆ. ಕೇಳಿದ ಕೂಡಲೇ ನಮ್ಮ ಮಾತಿಗೂ ಅದಕ್ಕೂ ನೆಂಟಸ್ತನ ಇರಬೇಕು ಅನ್ನಿಸುತ್ತದೆ. ನೆಂಟಸ್ತನ ಏನೂ ಇಲ್ಲ. ಆದರೆ ಯಾರಿಗೆ ‘ಬಾ’ ಅನ್ನಬೇಕು, ಯಾರಿಗೆ ‘ಬನ್ನಿ’ ಅನ್ನಬೇಕು ಎಂಬ ತಲೆನೋವು ಮಾತ್ರ ಎರಡೂ ಕಡೆ ಇದೆ.

ಪಾವಗಡದ ಕಡೆಯ ನಮಗೆ ಸ್ಪ್ಯಾನಿಶ್ ತೀರಾ ದೂರದ ಭಾಷೆಯಲ್ಲ. ಗಡಿ ದಾಟಿದರೆ ಅನಂತಪುರ ಸೀಮೆ. 1920ರಲ್ಲಿ ಬಾರ್ಸಿಲೋನಾದಲ್ಲಿ ಹುಟ್ಟಿದ ವಿಸೆಂಟೆ ಫೆರರ್ 1969ರಲ್ಲಿ ಅಲ್ಲಿಗೆ ಬಂದು ಆರ್‌ಡಿಟಿ ಸಂಸ್ಥೆ ಕಟ್ಟಿದರು. 2009ರಲ್ಲಿ ಅಲ್ಲೇ ತೀರಿಕೊಂಡರು. ಅವರ ಕೆಲಸ ನೋಡಲು ಸ್ಪೇನ್‌ನಿಂದ ಜನ ಬರುತ್ತಾರೆ. ಬಂದವರ ಹತ್ತಿರ ಅವರ ಭಾಷೆಯಲ್ಲೇ ನಾಲ್ಕು ಮಾತಾಡಬೇಕು ಎಂಬ ಆಸೆಯಿಂದ ನಾನು ಬಸ್ಸಿನಲ್ಲಿ ಓಡಾಡುವಾಗ ಫೋನಿನಲ್ಲಿ ಸ್ಪ್ಯಾನಿಶ್ ಕಲಿಯತೊಡಗಿದೆ. ನನ್ನನ್ನು ಬಹಳ ದಿನ ಹಿಡಿದು ನಿಲ್ಲಿಸಿದ ಪಾಠ ಒಂದೇ. ಸಲಿಗೆಯವರಿಗೆ ‘ಮಾಡು’, ‘ಹೋಗು’, ‘ಕೊಡು’ ಅನ್ನುವುದು ಹೇಗೆ ಎಂಬ ಪಾಠ.

ನಿಯಮ ಸುಲಭ. ಸ್ಪ್ಯಾನಿಶ್‌ನಲ್ಲಿ ‘ನೀನು’ ಅಂದರೆ ‘ತೂ’. ಹಿಂದಿಯ ‘ತೂ’ ಇದ್ದ ಹಾಗೇ. ‘ತೂ’ ಅನ್ನುವಷ್ಟು ಹತ್ತಿರದವರಿಗೆ ಅಪ್ಪಣೆ ಕೊಡಲು ‘ಅವನು ಮಾತಾಡುತ್ತಾನೆ’ ಅನ್ನುವ ರೂಪವನ್ನೇ ಎತ್ತಿಕೊಂಡರೆ ಆಯಿತು. ‘ಆಬ್ಲಾ’ ಅಂದರೆ ಮಾತಾಡುತ್ತಾನೆ. ಅದನ್ನೇ ಎದುರಿಗಿರುವವನಿಗೆ ಹೇಳಿದರೆ ‘ಮಾತಾಡು’. ‘ಕೋಮೆ’ ಅಂದರೆ ತಿನ್ನುತ್ತಾನೆ, ‘ತಿನ್ನು’ ಕೂಡ ಅದೇ.

ಈ ನಿಯಮಕ್ಕೆ ಸಿಗದ ಎಂಟು ಪದಗಳಿವೆ. ದಿ (ಹೇಳು), ಆಸ್ (ಮಾಡು), ಬೆ (ಹೋಗು), ಪೊನ್ (ಇಡು), ಸಾಲ್ (ಹೊರಡು), ಸೆ (ಆಗಿರು), ತೆನ್ (ಇಟ್ಟುಕೋ), ಬೆನ್ (ಬಾ). ಎಲ್ಲವೂ ಒಂದೇ ಉಸಿರಿನ ಪದಗಳು. ದಿನಕ್ಕೆ ನೂರು ಸಲ ಬಳಸುವ ಮಾತು ಸವೆದು ಚಿಕ್ಕದಾಗಿರುತ್ತದೆ. ನಮ್ಮಲ್ಲೂ ‘ಬರು’ ಎಂಬ ಧಾತು ‘ಬಾ’ ಆಗಿದೆ, ‘ತರು’ ಎಂಬುದು ‘ತಾ’ ಆಗಿದೆ.

‘ಬೇಡ’ ಅನ್ನುವಾಗ ಈ ಚಿಕ್ಕ ರೂಪ ಮಾಯವಾಗುತ್ತದೆ. ‘ಬೆನ್’ ಅಂದರೆ ಬಾ, ಆದರೆ ‘ಬರಬೇಡ’ ಅನ್ನಲು ‘ನೋ ಬೆಂಗಾಸ್’. ‘ಕೋಮೆ’ ಅಂದರೆ ತಿನ್ನು, ‘ತಿನ್ನಬೇಡ’ ಅನ್ನಲು ‘ನೋ ಕೋಮಾಸ್’. ಕನ್ನಡದಲ್ಲೂ ‘ಬಾಬೇಡ’ ಅನ್ನುವುದಿಲ್ಲವಲ್ಲ, ‘ಬರಬೇಡ’ ಅನ್ನುತ್ತೇವೆ.

ಗೌರವದ ‘ನೀವು’ಗೆ ಅವರ ಪದ ‘ಉಸ್ತೆದ್’. ‘ನಿಮ್ಮ ಕೃಪೆ’ ಎಂಬ ಅರ್ಥದ ‘ಬ್ವೆಸ್ತ್ರಾ ಮೆರ್ಸೆದ್’ ಎಂಬ ಹಳೇ ಕಾಲದ ಸಂಬೋಧನೆ ಸವೆದು ಹೀಗಾಗಿದೆ. ಅದಕ್ಕೇ ಅದರ ಜೊತೆ ‘ಅವರು ಬರಲಿ’ ಎಂಬಂಥ ಕ್ರಿಯಾಪದ ಬರುತ್ತದೆ. ಎದುರಿಗೇ ನಿಂತಿರುವ ಸ್ವಾಮಿಗಳಿಗೆ ನಮ್ಮ ಹಿರಿಯರು ‘ಬುದ್ಧಿಯವರು ದಯಮಾಡಿಸಬೇಕು’ ಅನ್ನುತ್ತಿದ್ದರಲ್ಲ, ಅದೇ ಜಾಡು.

ಇಲ್ಲಿಯವರೆಗೆ ವ್ಯಾಕರಣ. ಪಾಠದಲ್ಲಿ ಎರಡು ಸಾಲು ಇರುತ್ತವೆ. ಒಂದು ಸಲಿಗೆಯದು, ಒಂದು ಗೌರವದ್ದು. ಬಾಯಿಪಾಠ ಮಾಡಿ ಮುಂದೆ ಹೋಗಬಹುದು. ಆದರೆ ಆ ಭಾಷೆ ಆಡುವ ಊರುಗಳ ಕಥೆ ನೋಡಿದರೆ ವಿಷಯ ಅಷ್ಟು ಸುಲಭ ಇಲ್ಲ.

ಸ್ಪೇನ್‌ನಲ್ಲಿ ಹೋಟೆಲಿಗೆ ಹೋದವರು ‘ಪೊನ್‌ಮೆ ಉನ್ ಕಫೆ’ ಅನ್ನುತ್ತಾರೆ. ನನಗೊಂದು ಕಾಫಿ ಹಾಕು ಎಂದರ್ಥ. ಗುರುತಿನವರ ಫೋನ್ ಬಂದರೆ ‘ದಿಮೆ’, ಅಂದರೆ ನನಗೆ ಹೇಳು. ಯಾರಿಗೂ ಬೇಜಾರಿಲ್ಲ, ಏಕೆಂದರೆ ಕಾಫಿ ಕೊಡುವವರೂ ಅದೇ ಸಲಿಗೆಯಲ್ಲಿ ಉತ್ತರಿಸುತ್ತಾರೆ. ಕೊಲಂಬಿಯಾದ ಬೊಗೊಟಾ ಕಡೆ ಗಂಡ ಹೆಂಡತಿಯೇ ಒಬ್ಬರಿಗೊಬ್ಬರು ‘ಉಸ್ತೆದ್’ ಅನ್ನುವುದುಂಟು. ಅಲ್ಲಿ ಬಹುವಚನವೇ ಪ್ರೀತಿ. ಮೆಕ್ಸಿಕೋದಲ್ಲಿ ಯಾರಾದರೂ ಕೂಗಿದರೆ ‘ಏನು?’ ಅನ್ನುವ ಬದಲು ‘ಮಾಂದೆ?’ ಅನ್ನಬೇಕು ಎಂದು ಮಕ್ಕಳಿಗೆ ಕಲಿಸುತ್ತಾರೆ. ಅದರ ನೇರ ಅರ್ಥ ‘ಅಪ್ಪಣೆ ಮಾಡಿ’. ಇದು ಸಭ್ಯತೆ ಎಂದು ಕೆಲವರು, ಆಳಿಸಿಕೊಂಡ ಕಾಲದ ಅಭ್ಯಾಸ ಎಂದು ಕೆಲವರು. ಅರ್ಜೆಂಟೀನಾದಲ್ಲಿ ‘ತೂ’ ಬದಲು ‘ಬೋಸ್’. ಅಲ್ಲಿ ‘ಬೆನ್’ ಅಲ್ಲ, ‘ಬೆನೀ’. 2022ರ ವಿಶ್ವಕಪ್‌ನಲ್ಲಿ ನೆದರ್ಲೆಂಡ್ಸ್ ಪಂದ್ಯ ಮುಗಿದ ಮೇಲೆ ಮೆಸ್ಸಿ ಎದುರಾಳಿ ಆಟಗಾರನಿಗೆ ‘ಆಂದಾ’, ಅಂದರೆ ‘ಹೋಗು’, ಅಂದದ್ದು ಫೋನುಗಳಲ್ಲೆಲ್ಲ ಓಡಾಡಿತ್ತು. ಅದು ಬೋಸ್ ಜೊತೆಗಿನ ರೂಪ. ಸಿಟ್ಟಿನ ಮಾತು ನಿಜ, ಆದರೆ ಇಬ್ಬರೂ ಒಂದೇ ಮೈದಾನದ ಆಟಗಾರರು. ಅವನೂ ತಿರುಗಿ ‘ನೀನು ಹೋಗು’ ಅನ್ನಬಹುದಿತ್ತು.

ಎಲ್ಲಕ್ಕಿಂತ ನನ್ನನ್ನು ತಟ್ಟಿದ್ದು 1936ರ ಬಾರ್ಸಿಲೋನಾ. ಸ್ಪೇನ್‌ನಲ್ಲಿ ಅಂತರ್ಯುದ್ಧ ಶುರುವಾಗಿತ್ತು, ಊರು ಕಾರ್ಮಿಕರ ಕೈಯಲ್ಲಿತ್ತು. ಆ ಡಿಸೆಂಬರ್‌ನಲ್ಲಿ ಅಲ್ಲಿಗೆ ಹೋದ ಬ್ರಿಟಿಷ್ ಲೇಖಕ ಜಾರ್ಜ್ ಆರ್ವೆಲ್ ತಾನು ಕಂಡದ್ದನ್ನು ಪುಸ್ತಕದಲ್ಲಿ ಬರೆದಿದ್ದಾರೆ. ಹೋಟೆಲಿನ ಮಾಣಿಗಳು ಗಿರಾಕಿಗಳ ಮುಖವನ್ನು ನೇರವಾಗಿ ನೋಡಿ ಸಮಾನರಂತೆ ಮಾತಾಡುತ್ತಿದ್ದರು. ‘ಸಾಹೇಬರೇ’, ‘ದಣಿಗಳೇ’ ಎಂಬಂಥ ಮಾತು ಮಾಯವಾಗಿತ್ತು, ‘ಉಸ್ತೆದ್’ ಕೂಡ ಕೇಳುತ್ತಿರಲಿಲ್ಲ. ಎಲ್ಲರೂ ಎಲ್ಲರಿಗೂ ‘ತೂ’. ಯಾರನ್ನೂ ಅವಮಾನಿಸುವ ಏಕವಚನ ಅದಲ್ಲ, ಎಲ್ಲರನ್ನೂ ಒಂದೇ ಜಗಲಿಯ ಮೇಲೆ ಕೂರಿಸುವ ಏಕವಚನ. ಅದು ಹೆಚ್ಚು ದಿನ ಉಳಿಯಲಿಲ್ಲ. ಕೆಲವೇ ತಿಂಗಳ ನಂತರ ಮತ್ತೆ ಅದೇ ಊರಿಗೆ ಬಂದಾಗ ಹಳೆಯ ಮರ್ಯಾದೆಯ ಮಾತುಗಳು ವಾಪಸ್ ಬರುತ್ತಿದ್ದವು ಎಂದೂ ಆರ್ವೆಲ್ ಬರೆದಿದ್ದಾರೆ.

ಇದನ್ನು ಓದಿದ ಮೇಲೆ ನಾನು ಬರೆಯುವ ಸುದ್ದಿಗಳ ಕಡೆ ನೋಡಿದೆ. ‘ಏಕವಚನದಲ್ಲಿ ವಾಗ್ದಾಳಿ’, ‘ಅಧಿಕಾರಿಗೆ ಏಕವಚನದಲ್ಲಿ ತರಾಟೆ’. ಇಂಥ ಶೀರ್ಷಿಕೆ ಕೊಡದ ಜಿಲ್ಲಾ ವರದಿಗಾರ ಇಲ್ಲ. ಒಬ್ಬ ದೊಡ್ಡವರು ಇನ್ನೊಬ್ಬ ದೊಡ್ಡವರಿಗೆ ‘ಹೋಗಯ್ಯಾ’ ಅಂದರೆ ಅದು ಸುದ್ದಿ. ಅದೇ ಕಚೇರಿಯ ಬಾಗಿಲಲ್ಲಿ ಪಹಣಿ ಹಿಡಿದು ನಿಂತ ಅರವತ್ತು ವರ್ಷದ ರೈತನಿಗೆ ಮೂವತ್ತರ ಗುಮಾಸ್ತ ‘ನಾಳೆ ಬಾ’ ಅಂದರೆ ಸುದ್ದಿಯಲ್ಲ. ಚರಂಡಿ ತೆಗೆಯುವ ಹೆಂಗಸಿಗೆ ಓಣಿಯ ಹುಡುಗ ‘ಏ, ಇಲ್ಲಿ ಬಾ’ ಅಂದರೆ ಸುದ್ದಿಯಲ್ಲ. ಕೇರಿಯ ಹಿರಿಯರನ್ನು ಮೇಲಿನ ಬೀದಿಯ ಮಗು ಹೆಸರು ಹಿಡಿದು ಏಕವಚನದಲ್ಲಿ ಕರೆದರೆ ಅದು ಅಭ್ಯಾಸ, ಅಷ್ಟೆ.

ಹಾಗಂತ ‘ಬಾ’ ಕೆಟ್ಟ ಪದವಲ್ಲ. ಅವ್ವನಿಗೆ ‘ಬಾರವ್ವ’ ಅನ್ನುತ್ತೇವೆ. ಗೆಳೆಯನಿಗೆ ‘ಬಾರೋ’. ದೇವರಿಗಂತೂ ಏಕವಚನವೇ, ಸ್ಪ್ಯಾನಿಶ್‌ನವರೂ ದೇವರಿಗೆ ‘ತೂ’ ಎಂದೇ ಪ್ರಾರ್ಥಿಸುತ್ತಾರೆ. ಸಲಿಗೆಯ ಅಪ್ಪಣೆಯಲ್ಲಿ ಇರುವಷ್ಟು ಬೆಚ್ಚಗಿನ ಮಾತು ಗೌರವದ ಮಾತಿನಲ್ಲಿ ಇರುವುದಿಲ್ಲ. ‘ಕೂತ್ಕೋ, ಉಣ್ಣು’ ಅನ್ನುವುದಕ್ಕೂ ‘ಆಸೀನರಾಗಿ, ಊಟ ಮಾಡಿ’ ಅನ್ನುವುದಕ್ಕೂ ವ್ಯತ್ಯಾಸ ಎಲ್ಲರಿಗೂ ಗೊತ್ತು.

ಹಾಗಾದರೆ ಪ್ರೀತಿಯ ‘ಬಾ’ ಯಾವುದು, ತುಳಿಯುವ ‘ಬಾ’ ಯಾವುದು? ಪದ ನೋಡಿದರೆ ಗೊತ್ತಾಗುವುದಿಲ್ಲ. ಒಂದೇ ಪ್ರಶ್ನೆ ಕೇಳಿ ನೋಡಬಹುದು. ನನಗೆ ‘ಬಾ’ ಅಂದವರಿಗೆ ನಾನೂ ‘ಬಾ’ ಅನ್ನಬಹುದೇ? ಅನ್ನಬಹುದಾದರೆ ಅದು ಸ್ನೇಹ. ಅಂದರೆ ನಾಳೆ ನನ್ನ ಕೆಲಸ ನಿಲ್ಲುತ್ತದೆ, ಪಡಿತರ ನಿಲ್ಲುತ್ತದೆ, ಊರಲ್ಲಿ ಜಗಳ ಆಗುತ್ತದೆ ಅಂದರೆ ಅದು ಬರೀ ಅಪ್ಪಣೆ.

ಈಗ ಕಚೇರಿಗಳಿಗೆ ಸುದ್ದಿಗೆ ಹೋದಾಗ ನನ್ನ ಕಿವಿ ಇದನ್ನೇ ಹುಡುಕುತ್ತದೆ. ಯಾರು ಯಾರಿಗೆ ‘ಬಾ’ ಅಂದರು, ಯಾರು ತಿರುಗಿ ‘ಬರ್ತೀನಿ ಸಾರ್’ ಅಂದರು. ರೈತನಿಗೆ ‘ನಾಳೆ ಬಾ’ ಅಂದದ್ದನ್ನೂ ವರದಿಯಲ್ಲಿ ‘ನಾಳೆ ಬಾ ಎಂದರು’ ಎಂದೇ ಬರೆಯುತ್ತೇನೆ, ‘ನಾಳೆ ಬರುವಂತೆ ಸೂಚಿಸಿದರು’ ಎಂದು ತಿದ್ದುವುದಿಲ್ಲ. ಹಾಗೆ ತಿದ್ದಿದರೆ ಭಾಷೆ ಚೆಂದ ಕಾಣುತ್ತದೆ, ಆದರೆ ಆ ರೈತ ಕೇಳಿಸಿಕೊಂಡದ್ದು ಓದುಗರಿಗೆ ಕೇಳುವುದಿಲ್ಲ. ನೀವೂ ನಾಳೆ ಪಂಚಾಯಿತಿಗೋ ಸೊಸೈಟಿಗೋ ಹೋದಾಗ ಸ್ವಲ್ಪ ಹೊತ್ತು ಸುಮ್ಮನೆ ನಿಂತು ಕೇಳಿ.