ಎಳೆಬಿಸಿಲಿನ ಪಡಸಾಲೆ

ಇತ್ತೀಚೆಗೆ ಮನೆ ಕಟ್ಟಿಸುವವರ ನಕ್ಷೆಗಳನ್ನು ನೋಡಿದರೆ ವಾಹನಕ್ಕೆ ಸ್ಥಳವುಂಟು, ದೂರದರ್ಶನಕ್ಕೆ ಪ್ರತ್ಯೇಕ ಗೋಡೆಯುಂಟು, ಒಂದೊಂದು ಮಲಗುವ ಕೋಣೆಗೂ ಒಂದೊಂದು ಸ್ನಾನಗೃಹವುಂಟು. ಬಿಸಿಲಿಗೆ ಮಾತ್ರ ಎಲ್ಲಿಯೂ ಸ್ಥಳವಿರುವುದಿಲ್ಲ. ಮೂವತ್ತು ನಲವತ್ತರ ನಿವೇಶನದಲ್ಲಿ ನೆರೆಮನೆಯ ಗೋಡೆಗೆ ತಾಗುವಂತೆ ಕಟ್ಟಿ, ಹಗಲು ಹನ್ನೆರಡು ಗಂಟೆಗೆ ವಿದ್ಯುದ್ದೀಪ ಹಚ್ಚಿಕೊಂಡು ಕುಳಿತುಕೊಳ್ಳುವ ಮನೆಗಳು ನಮ್ಮ ಬಂಧುಬಳಗದಲ್ಲಿಯೇ ಎಷ್ಟೋ ಇವೆ. ನಮ್ಮ ಹಿರಿಯರ ಮಾಳಿಗೆ ಮನೆಗಳಲ್ಲಿ ಕಿಟಕಿಗಳು ಕಡಿಮೆ ಎಂದು ನಾವು ಆಡಿಕೊಳ್ಳುವುದುಂಟು. ಆದರೆ ಆ ಮಣ್ಣಿನ ಮಾಳಿಗೆಯ ನಡುವೆ ಒಂದು ಬೆಳಕಿಂಡಿ ಇರುತ್ತಿತ್ತು. ದಪ್ಪ ಗೋಡೆಗಳ ತಂಪಿನೊಳಕ್ಕೆ ಅದರ ಮೂಲಕ ಬಿಸಿಲಿನ ಕೋಲೊಂದು ಇಳಿದು, ದಿನವಿಡೀ ಪಡಸಾಲೆಯಲ್ಲಿ ಮೆಲ್ಲನೆ ಸರಿಯುತ್ತಿತ್ತು.

ಈ ಮಾತನ್ನು ನಮಗೆ ಹೇಳಿಕೊಟ್ಟವರು ನಮ್ಮ ಅತ್ತೆಯವರು. ಅವರ ಊರು ಬಾಗಲಕೋಟೆಯ ಸೀಮೆಯಲ್ಲಿ, ಕೃಷ್ಣೆಯ ದಂಡೆಯ ಮೇಲಿತ್ತು. ಆಲಮಟ್ಟಿಯ ಅಣೆಕಟ್ಟೆಗೆ 1964ರಲ್ಲಿ ಶಂಕುಸ್ಥಾಪನೆಯಾದಾಗ ಅವರಿನ್ನೂ ಲಂಗ ಉಡುವ ಹುಡುಗಿ. ನೀರು ಬರುತ್ತದೆ, ಬರುತ್ತದೆ ಎಂಬ ಮಾತಿನಲ್ಲಿಯೇ ಅವರ ಮದುವೆಯಾಯಿತು, ಮಕ್ಕಳಾದರು, ಆ ಮಕ್ಕಳ ಮದುವೆಗಳೂ ಆದವು. ಕೊನೆಗೆ ನೀರು ನಿಜವಾಗಿಯೂ ಬಂದಿತು. ಜಲಾಶಯದಲ್ಲಿ 519.60 ಮೀಟರ್ ಮಟ್ಟದವರೆಗೆ ನೀರು ನಿಲ್ಲಿಸಲು ಸಿದ್ಧತೆ ನಡೆದ ವರ್ಷಗಳಲ್ಲಿ ಊರಿನವರು ತಮ್ಮ ಮನೆಗಳನ್ನು ತಾವೇ ಬಿಚ್ಚಿಕೊಂಡು ಹೋದರು. ಬಾಗಿಲು, ತೊಲೆ, ಕಂಬ, ಜಂತೆಗಳನ್ನು ಎತ್ತಿನ ಬಂಡಿ, ಟ್ರ್ಯಾಕ್ಟರುಗಳಲ್ಲಿ ಹೇರಿಕೊಂಡು ಪುನರ್ವಸತಿ ಕೇಂದ್ರಕ್ಕೆ ನಡೆದರು. ನಮ್ಮ ಮಾವನವರು ಪಡಸಾಲೆಯ ಎರಡು ಸಾಗವಾನಿ ಕಂಬಗಳನ್ನು ಧಾರವಾಡದ ನಮ್ಮ ಮನೆಗೆ ಕಳುಹಿಸಿಕೊಟ್ಟರು. ಅವು ಹಿತ್ತಲಿನ ತಗಡಿನ ಶೆಡ್ಡಿನಲ್ಲಿ ಇಪ್ಪತ್ತು ವರ್ಷ ಹಾಗೆಯೇ ಮಲಗಿದ್ದವು.

2019ರಲ್ಲಿ ಮಾವನವರು ಲಿಂಗೈಕ್ಯರಾದ ಬಳಿಕ ಅತ್ತೆಯವರು ನಮ್ಮಲ್ಲಿಗೆ ಬಂದರು. ಹಿಂಬದಿಯ ಕೋಣೆಯನ್ನು ಅವರಿಗಾಗಿ ಸಿದ್ಧಪಡಿಸಿದ್ದೆವು. ಮಂಚವಿತ್ತು, ಪಂಖವಿತ್ತು, ಹತ್ತಿರದಲ್ಲಿಯೇ ಸ್ನಾನಗೃಹವಿತ್ತು. ಅವರು ಯಾವುದನ್ನೂ ಆಕ್ಷೇಪಿಸಲಿಲ್ಲ. ಅದೇ ನಮ್ಮನ್ನು ಕಳವಳಕ್ಕೀಡು ಮಾಡಿತು. ಊರಿನಲ್ಲಿ ಮಧ್ಯಾಹ್ನವಾದರೆ ಓಣಿಯ ಹೆಣ್ಣುಮಕ್ಕಳನ್ನೆಲ್ಲ ಕೂಡಿಸಿಕೊಂಡು ಹಳೆಯ ಸೀರೆಗಳ ಕೌದಿ ಹೊಲಿಯುತ್ತಿದ್ದವರು ಇಲ್ಲಿ ಸೂಜಿಯನ್ನೇ ಮುಟ್ಟಲಿಲ್ಲ. ಕೇಳಿದರೆ, ‘ಕಣ್ಣ ಕಾಣಸೂದಿಲ್ಲ ಯವ್ವಾ’ ಎನ್ನುತ್ತಿದ್ದರು. ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಯಾಗಿತ್ತು, ವೈದ್ಯರು ದೃಷ್ಟಿ ಚೆನ್ನಾಗಿದೆ ಎಂದಿದ್ದರು. ಕೊರತೆ ಕಣ್ಣಿನದಾಗಿರಲಿಲ್ಲ. ಆ ಕೋಣೆಯ ಏಕೈಕ ಕಿಟಕಿ ಪಕ್ಕದ ಮನೆಯ ಗೋಡೆಯನ್ನು ನೋಡುತ್ತಿತ್ತು.

ಮನೆಯ ಮುಂಭಾಗದಲ್ಲಿ, ಪೂರ್ವಕ್ಕೆ ಮುಖಮಾಡಿ, ಮಂಗಳೂರು ಹೆಂಚಿನ ಒಂದು ವರಾಂಡ ನಮ್ಮಲ್ಲಿತ್ತು. ಹದಿನಾರು ಅಡಿ ಉದ್ದ, ಎಂಟು ಅಡಿ ಅಗಲ. ಹಳೆಯ ಸೈಕಲ್ಲು, ಜೋಳದ ಚೀಲ, ರದ್ದಿ ಪತ್ರಿಕೆಗಳ ಗಂಟು ಇವೆಲ್ಲ ಅಲ್ಲಿ ವಾಸವಾಗಿದ್ದವು. ಅದನ್ನೇ ಬಿಸಿಲು ಕೋಣೆಯನ್ನಾಗಿ ಮಾಡೋಣವೆಂದು ನಾವು ಸೂಚಿಸಿದಾಗ ಮನೆಯಲ್ಲಿ ಒಮ್ಮತವಿರಲಿಲ್ಲ. ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಓದಲು ಧಾರವಾಡಕ್ಕೆ ಎಲ್ಲೆಲ್ಲಿಂದಲೋ ವಿದ್ಯಾರ್ಥಿಗಳು ಬರುತ್ತಾರೆ, ಒಂದು ಕೋಣೆ ಖಾಲಿ ಇದೆಯೆಂದರೆ ಮರುದಿನವೇ ಬಾಡಿಗೆಗೆ ಹೋಗುತ್ತದೆ. ವರಾಂಡಕ್ಕೆ ಇಟ್ಟಿಗೆಯ ಗೋಡೆ ಎತ್ತಿ ಇಬ್ಬರು ಹುಡುಗರಿಗೆ ಬಾಡಿಗೆಗೆ ಕೊಡೋಣ, ಮಗಳ ಕಾಲೇಜಿನ ಫೀಗೆ ಅದೊಂದು ಆಸರೆಯಾದೀತು ಎಂಬುದು ನಮ್ಮ ಮೈದುನರ ಅಭಿಪ್ರಾಯ. ಅದು ಸ್ವಾರ್ಥದ ಮಾತಾಗಿರಲಿಲ್ಲ. ಆ ವರ್ಷ ನಮಗೆ ಹಣದ ಅಡಚಣೆ ನಿಜವಾಗಿಯೂ ಇತ್ತು. ಯಜಮಾನರು ಎರಡು ತಿಂಗಳು ಏನನ್ನೂ ಹೇಳಲಿಲ್ಲ. ಅತ್ತೆಯವರಂತೂ ನಕ್ಕುಬಿಟ್ಟರು. ‘ಬಿಸಲಿಗೆ ಖೋಲಿ ಕಟ್ಟಸ್ತೀರೇನ ಯವ್ವಾ? ಅಂಗಳದಾಗ ಪುಕ್ಕಟೆ ಬೀಳತೈತಲ್ಲ!’

ತೀರ್ಮಾನ ಮಾಡಿದ್ದು ಒಂದು ವೈದ್ಯಕೀಯ ವರದಿ. ಅತ್ತೆಯವರು ರಾತ್ರಿ ನಿದ್ರೆಯಿಲ್ಲದೆ ಹೊರಳಾಡಿ, ಹಗಲೆಲ್ಲ ಮಂಪರಿನಲ್ಲಿ ಇರತೊಡಗಿದ್ದರು. ಮೊಣಕಾಲು, ಸೊಂಟ ಎಲ್ಲವೂ ನೋವು. ರಕ್ತಪರೀಕ್ಷೆಯಲ್ಲಿ ‘ಡಿ’ ಜೀವಸತ್ವ ತೀರ ಕಡಿಮೆಯೆಂದು ಬಂದಿತು. ಮಾತ್ರೆ ಬರೆದುಕೊಟ್ಟ ವೈದ್ಯರು, ಬೆಳಗಿನ ಬೆಳಕು ಕಣ್ಣಿಗೆ ಬಿದ್ದರೆ ದೇಹದ ಹಗಲು ರಾತ್ರಿಯ ಲೆಕ್ಕ ಸರಿಹೋಗುತ್ತದೆ, ಇವರನ್ನು ಕತ್ತಲೆಯ ಕೋಣೆಯಲ್ಲಿ ಕೂರಿಸಬೇಡಿ ಎಂದರು. ಮನೆಗೆ ಬಂದ ಮೇಲೆ ಮೈದುನರೇ ವರಾಂಡದ ಸೈಕಲ್ಲನ್ನು ಹೊರಗೆ ತೆಗೆದಿಟ್ಟರು.

ಗಾಜಿನ ವಿಷಯದಲ್ಲಿ ವೈದ್ಯರು ಹೇಳಿದ ಇನ್ನೊಂದು ಸಂಗತಿಯನ್ನು ಓದುಗ ಬಂಧುಗಳು ಗಮನಿಸಬೇಕು. ಚರ್ಮದಲ್ಲಿ ‘ಡಿ’ ಜೀವಸತ್ವವನ್ನು ಉಂಟುಮಾಡುವ ಅತಿನೇರಳೆ ಕಿರಣಗಳನ್ನು ಸಾಮಾನ್ಯ ಕಿಟಕಿಯ ಗಾಜು ತಡೆದುಬಿಡುತ್ತದೆ. ಗಾಜಿನ ಹಿಂದೆ ಕುಳಿತರೆ ಬೆಳಕು ಸಿಗುತ್ತದೆ, ಬೆಚ್ಚಗೂ ಇರುತ್ತದೆ, ಆದರೆ ಆ ಪ್ರಯೋಜನ ಸಿಗುವುದಿಲ್ಲ. ಸೂರ್ಯ ತೀರ ಕೆಳಗಿರುವ ಮುಂಜಾವಿನಲ್ಲಿ ಆ ಕಿರಣಗಳೇ ಬಹಳ ಕಡಿಮೆ. ಆದ್ದರಿಂದ ಪೂರ್ತಿ ತೆರೆಯಬಲ್ಲ ಕಿಟಕಿಗಳೇ ಬೇಕೆಂದು ನಿಶ್ಚಯಿಸಿದೆವು. ಅಂಗಡಿಯವರು ಪಕ್ಕಕ್ಕೆ ಜಾರುವ ಅಲ್ಯೂಮಿನಿಯಂ ಕಿಟಕಿಗಳನ್ನೇ ಹೊಗಳಿದರು. ಅವುಗಳಲ್ಲಿ ಒಂದು ಕಾಲಕ್ಕೆ ಅರ್ಧ ಭಾಗ ಮಾತ್ರ ತೆರೆಯುತ್ತದೆ. ನಾವು ಹೊರಕ್ಕೆ ತೆರೆಯುವ ಮರದ ಬಾಗಿಲುಗಳನ್ನೇ ಮಾಡಿಸಿದೆವು. ಮಳೆಗಾಲದಲ್ಲಿ ಅವು ಉಬ್ಬಿ ಬಿಗಿಯುತ್ತವೆ, ನಿಜ. ಬಡಗಿ ಅದಕ್ಕಾಗಿ ಸ್ವಲ್ಪ ಸಂದು ಬಿಟ್ಟುಕೊಟ್ಟನು.

ಗಾಜಿನ ಕೋಣೆ ಬೇಸಿಗೆಯಲ್ಲಿ ಒಲೆಯಾಗುತ್ತದೆ ಎಂದು ಹಲವರು ಹೆದರಿಸಿದ್ದರು. ಅದು ಸುಳ್ಳಲ್ಲ. ಬೆಳಕು ಗಾಜಿನ ಮೂಲಕ ಸಲೀಸಾಗಿ ಒಳಬರುತ್ತದೆ, ಒಳಗಿನ ನೆಲ ಗೋಡೆಗಳು ಕಾದು ಹೊರಸೂಸುವ ಶಾಖ ಅಷ್ಟು ಸುಲಭವಾಗಿ ಹೊರಹೋಗುವುದಿಲ್ಲ. ಚಳಿದೇಶಗಳಲ್ಲಿ ಇದೇ ವರ, ನಮ್ಮಲ್ಲಿ ಏಪ್ರಿಲ್ ತಿಂಗಳಲ್ಲಿ ಇದೇ ಶಾಪ. ನಮ್ಮನ್ನು ಕಾಪಾಡಿದ್ದು ಹೆಂಚು. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ಆರಂಭಿಸಿದ ಮೇಲೆ ನಾಡಿನಲ್ಲೆಲ್ಲ ಹರಡಿದ ಈ ಹೆಂಚುಗಳ ಸಂದುಗಳಿಂದ ಮೇಲೇರಿದ ಬಿಸಿಗಾಳಿ ತಾನಾಗಿಯೇ ಹೊರಟುಹೋಗುತ್ತದೆ. ಹೆಂಚು ತೆಗೆಸಿ ಗಾಜಿನದೋ ಫೈಬರಿನದೋ ಸೂರು ಹಾಕಿಸುವ ಆಲೋಚನೆ ಯಾರಿಗಾದರೂ ಇದ್ದರೆ ದಯವಿಟ್ಟು ಕೈಬಿಡಿರಿ. ಬಿಸಿಲು ನೆತ್ತಿಯಿಂದ ಬರಬಾರದು, ಪಕ್ಕದಿಂದ ಬರಬೇಕು.

ದಿಕ್ಕಿನ ಲೆಕ್ಕವನ್ನೂ ಸ್ವಲ್ಪ ಹೇಳಬೇಕು. ಧಾರವಾಡವು ಸುಮಾರು ಹದಿನೈದೂವರೆ ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಡಿಸೆಂಬರ್ ಕೊನೆಯಲ್ಲಿ ಇಲ್ಲಿ ಮಧ್ಯಾಹ್ನದ ಸೂರ್ಯನು ದಕ್ಷಿಣಕ್ಕೆ ವಾಲಿ ಸುಮಾರು 51 ಡಿಗ್ರಿ ಎತ್ತರದಲ್ಲಷ್ಟೇ ಇರುತ್ತಾನೆ. ಮೇ ಮೊದಲ ವಾರದಿಂದ ಆಗಸ್ಟ್ ಎರಡನೆಯ ವಾರದವರೆಗೆ ಅವನು ನೆತ್ತಿಯನ್ನು ದಾಟಿ ಉತ್ತರಕ್ಕೇ ಸರಿದಿರುತ್ತಾನೆ. ಹೀಗಾಗಿ ದಕ್ಷಿಣದ ಕಿಟಕಿಗೆ ಎರಡು ಅಡಿಯ ಚಜ್ಜಾ ಇದ್ದರೆ ಸಾಕು. ಚಳಿಗಾಲದ ಬಿಸಿಲು ಅದರ ಕೆಳಗಿಂದ ತೂರಿ ಒಳಬರುತ್ತದೆ, ಬೇಸಿಗೆಯದು ಹೊರಗೇ ನಿಲ್ಲುತ್ತದೆ. ಪೂರ್ವದ ಕಿಟಕಿಗಳಿಗೆ ಚಜ್ಜಾದಿಂದ ಉಪಯೋಗವಿಲ್ಲ, ಏಕೆಂದರೆ ಬೆಳಗಿನ ಬಿಸಿಲು ಅಡ್ಡಲಾಗಿಯೇ ಬರುತ್ತದೆ. ಅಲ್ಲಿಗೆ ಸುತ್ತಿ ಮೇಲೆತ್ತುವ ಬಿದಿರಿನ ಪರದೆಗಳನ್ನು ಕಟ್ಟಿದ್ದೇವೆ. ಮುಂಗಾರಿನ ಗಾಳಿ ಮಳೆಗಳು ನಮ್ಮಲ್ಲಿ ಪಶ್ಚಿಮ ನೈರುತ್ಯಗಳಿಂದ ಬೀಸುವುದರಿಂದ ಪೂರ್ವದ ಕೋಣೆಗೆ ಇಡೀ ಮನೆಯೇ ಆಸರೆ. ಪಶ್ಚಿಮಕ್ಕೆ ಇಂಥ ಕೋಣೆ ಮಾಡಿಕೊಂಡ ನಮ್ಮ ಪರಿಚಿತರೊಬ್ಬರು ಮಳೆಗಾಲವೆಲ್ಲ ನೆಲ ಒರೆಸುತ್ತಾರೆ, ಬೇಸಿಗೆಯಲ್ಲಿ ಅತ್ತ ಸುಳಿಯುವುದಿಲ್ಲ.

ಇನ್ನು ಅಲಂಕಾರ. ಪತ್ರಿಕೆಗಳ ಬಣ್ಣದ ಪುಟಗಳಲ್ಲಿ ಕಾಣುವ ಬಿಳಿಯ ಸೋಫಾ, ಹೊಳೆಯುವ ನೆಲಹಾಸುಗಳು ನಮಗೆ ಒಗ್ಗಲಿಲ್ಲ. ಪೊರೆ ತೆಗೆಸಿದ ಕಣ್ಣಿಗೆ ಹೊಳಪೇ ಶತ್ರು. ಆದ್ದರಿಂದ ಗೋಡೆಗೆ ಸುಣ್ಣದಲ್ಲಿ ಚಿಟಿಕೆ ಹಳದಿ ಬೆರೆಸಿ ಹೊಡೆಸಿದೆವು. ನೆಲಕ್ಕೆ ನುಣುಪು ಮಾಡದ ಶಹಾಬಾದ ಕಲ್ಲು ಹಾಕಿಸಿದೆವು. ಅದು ಜಾರುವುದಿಲ್ಲ. ಬೆಳಗಿನಿಂದ ಉಂಡ ಬಿಸಿಲನ್ನು ಚಳಿಗಾಲದ ಸಂಜೆಯವರೆಗೂ ಹಿಡಿದಿಟ್ಟುಕೊಂಡಿರುತ್ತದೆ. ಅತ್ತೆಯವರು ಐದು ಗಂಟೆಗೆ ಬರಿಗಾಲಿನಲ್ಲಿ ಅದರ ಮೇಲೆ ನಿಲ್ಲುವುದನ್ನು ನಾವು ಕಂಡಿದ್ದೇವೆ. ಕಿಟಕಿಯ ಉದ್ದಕ್ಕೂ ಹದಿನೆಂಟು ಅಂಗುಲ ಎತ್ತರದ ಒಂದು ಕಟ್ಟೆ ಕಟ್ಟಿಸಿದೆವು. ಅದಕ್ಕಿಂತ ತಗ್ಗಾದರೆ ನೋಯುವ ಮೊಣಕಾಲಿನವರಿಗೆ ಏಳುವುದು ಕಷ್ಟ. ಕಟ್ಟೆಯ ಮೇಲೆ ನವಲಗುಂದದ ಜಮಖಾನ ಹಾಸಿದ್ದೇವೆ. ಅದನ್ನು ನೆಲದ ಮೇಲೆ ಹಾಸಬೇಕೆಂದು ಮಗಳಿಗೆ ಆಸೆಯಿತ್ತು. ವಯಸ್ಸಾದವರ ಕಾಲು ಅಂಚಿಗೆ ಎಡವೀತೆಂದು ಒಪ್ಪಲಿಲ್ಲ. ನವಲಗುಂದದ ಹೆಣ್ಣುಮಕ್ಕಳು ಮಗ್ಗದ ಮುಂದೆ ಕುಳಿತು ನೇಯುವ ಈ ಜಮಖಾನಕ್ಕೆ ಭೌಗೋಳಿಕ ಗುರುತಿನ ಮಾನ್ಯತೆ ದೊರೆತಿದೆ. ನೇಯುವ ಕೈಗಳು ಮಾತ್ರ ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿವೆ ಎಂಬುದು ದುಃಖದ ಸಂಗತಿ. ಬಿಸಿಲಿಗೆ ಬಣ್ಣ ಮಾಸದ ಬಟ್ಟೆಯಿಲ್ಲ. ತಿಂಗಳಿಗೊಮ್ಮೆ ಜಮಖಾನವನ್ನು ತಿರುವಿ ಹಾಕಿದರೆ ಮಾಸುವುದಾದರೂ ಒಂದೇ ಸಮನಾಗಿ ಮಾಸುತ್ತದೆ. ದಿಂಬುಗಳಿಗೆ ಗುಳೇದಗುಡ್ಡದ ಖಣದ ಗೌಸು. ಎರಡು ಬೆತ್ತದ ಕುರ್ಚಿ. ಕುಂಡಗಳಲ್ಲಿ ದೊಡ್ಡಪತ್ರೆ, ಲೋಳೆಸರ, ಒಂದು ದುಂಡುಮಲ್ಲಿಗೆ. ಇಷ್ಟರ ಹೊರತು ಬೇರೇನೂ ಇಟ್ಟಿಲ್ಲ. ಸಾಮಾನು ತುಂಬಿದರೆ ಬಿಸಿಲು ಬೀಳುವುದೆಲ್ಲಿ?

ಕಂಬಗಳ ವಿಷಯ ಬಂದಾಗ ಮಾತ್ರ ಎಲ್ಲರೂ ಹಿಂಜರಿದೆವು. ವರಾಂಡದ ಹಳೆಯ ಕಂಬಗಳಿಗೆ ಗೆದ್ದಲು ಹತ್ತಿತ್ತು, ಊರಿನ ಕಂಬಗಳು ಅಳತೆಗೆ ಒದಗುತ್ತಿದ್ದವು. ಯಜಮಾನರು ಕೇಳಿದ ದಿನ ಅತ್ತೆಯವರು, ‘ಆ ಮನಿ ನೀರಾಗ ಹೋತು. ಅದರ ಎಲವು ತಂದು ಇಲ್ಲಿ ಯಾಕ ನಿಂದರಸ್ತಿ?’ ಎಂದು ಒಳಗೆ ಹೋದರು. ಅಂದು ರಾತ್ರಿ ಊಟ ಮಾಡಲಿಲ್ಲ. ನಾವು ಬೇರೆ ಮರ ತರಿಸುವುದೆಂದು ಮಾತಾಡಿಕೊಂಡೆವು. ನಾಲ್ಕನೆಯ ದಿನ ಹಿತ್ತಲಿಗೆ ಹೋಗಿ ನೋಡಿದರೆ ಅವರು ಶೆಡ್ಡಿನ ಮುಂದೆ ಮಣೆ ಹಾಕಿಕೊಂಡು ಕುಳಿತು, ಕಂಬಗಳ ಧೂಳು ಒರೆಸಿ ಕುಸುಬಿ ಎಣ್ಣೆ ತಿಕ್ಕುತ್ತಿದ್ದರು. ಒಂದು ಕಂಬದ ಬುಡದಲ್ಲಿ ಮಕ್ಕಳ ಎತ್ತರ ಗುರುತಿಸಿದ ಗೀರುಗಳಿದ್ದವು. ಯಾವುದು ಯಜಮಾನರದು, ಯಾವುದು ಮೈದುನರದು ಎಂದು ತೋರಿಸಿದರು. ನಡುವೆ ಇನ್ನೊಂದು ಗೀರಿತ್ತು. ಅದು ಯಾರದೆಂದು ನಾವು ಕೇಳಲಿಲ್ಲ, ಅವರೂ ಹೇಳಲಿಲ್ಲ. ಆರನೆಯ ವರ್ಷದಲ್ಲಿ ತೀರಿಕೊಂಡ ಒಬ್ಬ ಮಗಳು ಅವರಿಗಿದ್ದಳೆಂಬುದು ಮನೆಯಲ್ಲಿ ಎಲ್ಲರಿಗೂ ಗೊತ್ತು. ಕಂಬಗಳನ್ನು ನಿಲ್ಲಿಸುವಾಗ ಆ ಗೀರುಗಳು ಕಟ್ಟೆಯ ಕಡೆಗೆ ಬರುವಂತೆ ಬಡಗಿಗೆ ಅವರೇ ಹೇಳಿದರು.

ಕೋಣೆ ಸಿದ್ಧವಾದದ್ದು 2023ರ ದೀಪಾವಳಿಗೆ. ಅತ್ತೆಯವರ ನೋವೆಲ್ಲ ಮಾಯವಾಯಿತೆಂದು ಹೇಳಿದರೆ ಅತಿಶಯವಾದೀತು. ಮೊಣಕಾಲು ಇಂದಿಗೂ ನೋಯುತ್ತದೆ, ಮಾತ್ರೆಗಳೂ ನಡೆದಿವೆ. ಆದರೆ ಹಗಲಿನ ಮಂಪರು ಹೋಗಿದೆ. ಬೆಳಿಗ್ಗೆ ಪೂಜೆ ಮುಗಿಸಿ ಬಂದು ಕಟ್ಟೆಯ ಮೇಲೆ ಕೂರುತ್ತಾರೆ, ಹತ್ತು ಗಂಟೆಯ ಬಳಿಕ ಕಿಟಕಿ ತೆರೆದು ಕೈಕಾಲುಗಳನ್ನು ಬಿಸಿಲಿಗೆ ಚಾಚುತ್ತಾರೆ. ಕೌದಿಯ ಸೂಜಿ ಮತ್ತೆ ಕೈಗೆ ಬಂದಿದೆ. ಎದುರು ಮನೆಯಲ್ಲಿ ಬಾಡಿಗೆಗಿರುವ ವಿಜಯಪುರದ ಹುಡುಗಿಯರಿಬ್ಬರು ಪರೀಕ್ಷೆಯ ಪುಸ್ತಕ ಹಿಡಿದುಕೊಂಡು ಬಂದು ಅವರ ಪಕ್ಕದಲ್ಲಿಯೇ ಓದುತ್ತಾರೆ, ಸೂಜಿಗೆ ದಾರ ಪೋಣಿಸಿಕೊಡುತ್ತಾರೆ. ಬಾಡಿಗೆಯ ಆದಾಯ ಹೋಯಿತು, ವಿದ್ಯಾರ್ಥಿಗಳು ಮಾತ್ರ ಬಂದೇ ಬಂದರು ಎಂದು ಮೈದುನರು ಆಗಾಗ ನಗುತ್ತಾರೆ. ಮಗಳ ಫೀಗಾಗಿ ಮಾಡಿದ ಸಾಲ ಇನ್ನೂ ತೀರಿಲ್ಲವೆಂಬುದನ್ನೂ ಇಲ್ಲಿಯೇ ಹೇಳಿಬಿಡುತ್ತೇವೆ.

ಅತ್ತೆಯವರಿಗೆ ಒಂದೇ ಒಂದು ಕೊರತೆ ಉಳಿದಿತ್ತು. ಊರಿನಲ್ಲಿ ಬೆಳಕಿಂಡಿಯ ಬಿಸಿಲು ಗೋದಲಿಯ ಹತ್ತಿರ ಬಂದಾಗ ರೊಟ್ಟಿ ಬಡಿಯಲು ಏಳುವುದು, ಒಳಗಿನ ಹೊಸ್ತಿಲಿಗೆ ಬಂದಾಗ ದನಗಳಿಗೆ ನೀರು ಇಡುವುದು ಅವರ ರೂಢಿ. ಗಡಿಯಾರ ನೋಡಿದವರೇ ಅಲ್ಲ. ಇಲ್ಲಿ ಕಿಟಕಿಯ ಬಿಸಿಲು ಬಂದರೆ ಒಮ್ಮೆಲೇ ಕೋಣೆ ತುಂಬ ಬರುತ್ತದೆ, ಹನ್ನೊಂದು ದಾಟುತ್ತಲೇ ಹಿಂದೆ ಸರಿಯುತ್ತದೆ, ಹೊತ್ತು ಎಷ್ಟಾಯಿತೆಂದು ತಿಳಿಯುವುದಿಲ್ಲ ಎಂಬುದು ಅವರ ದೂರು. ಹೆಂಚಿನ ಸೂರಿಗೆ ಅದೇನು ಕಷ್ಟದ ಕೆಲಸವಲ್ಲ, ಒಂದು ಹೆಂಚು ತೆಗೆದು ಅದೇ ಅಳತೆಯ ಗಾಜಿನ ಹೆಂಚು ಕೂರಿಸಿದರಾಯಿತು. ಹೋದ ಚಳಿಗಾಲದಲ್ಲಿ ಅಂಗಡಿಯಿಂದ ಒಂದನ್ನು ತಂದೆವು. ಸೋರೀತೆಂದು ಕೆಲಸದವನು ಗೊಣಗಿದಾಗ, ‘ನಮ್ಮ ಮಣ್ಣಿನ ಮಾಳಿಗಿ ಸೋರಲಿಲ್ಲ, ನಿನ್ನ ಹಂಚು ಸೋರತದೇನೋ ತಮ್ಮಾ’ ಎಂದರು. ಅವನು ಮೇಲೆ ಹತ್ತಿದನು, ಮೈದುನರು ಏಣಿ ಹಿಡಿದರು. ಅತ್ತೆಯವರು ಕೆಳಗೆ ಬೆತ್ತದ ಕುರ್ಚಿಯಲ್ಲಿ ಕುಳಿತು, ಒಂದು ಹೆಂಚು ಆಚೆ, ಅಲ್ಲ, ಈಚೆ, ಇನ್ನೊಂದು ಸಾಲು ಕೆಳಗೆ ಎಂದು ಕೈಮಾಡಿ ತೋರಿಸುತ್ತ ಹೋದರು. ಮೂರು ಸಲ ತೆಗೆದು ಹಾಕಿದ ಮೇಲೆ ಬಿಸಿಲಿನ ಒಂದು ಗೇಣು ತುಂಡು ಬಲಗಡೆಯ ಕಂಬದ ಬುಡದಲ್ಲಿ ಬಂದು ನಿಂತಿತು. ‘ಈಗ ಹನ್ನೊಂದೂವರಿ’ ಎಂದರು. ಮೈದುನರು ಕೈಗಡಿಯಾರ ನೋಡಿಕೊಂಡರು. ಹನ್ನೊಂದು ಇಪ್ಪತ್ತೈದಾಗಿತ್ತು.