ಈ ಹಂಚು ನೀರು ಕುಡಿತೈತೇನು?

1981ರಲ್ಲಿ ಮೊದಲ ಸಲ ಹಾರಿದ ನಾಸಾದ ಸ್ಪೇಸ್ ಶಟಲ್‌ನ ಹೊಟ್ಟೆಗೆ ಸಾವಿರಾರು ಕಪ್ಪು ಟೈಲ್ ಅಂಟಿಸಿದ್ದರು. ಭೂಮಿಗೆ ಮರಳುವಾಗ ಸುಮಾರು 1,260 ಡಿಗ್ರಿ ಸೆಲ್ಸಿಯಸ್ ಕಾವು ತಡೆಯಬೇಕು. ಒಳಗಿರೋದು ಸಿಲಿಕಾ ನಾರು, ಆದರೆ ಗಾತ್ರದಲ್ಲಿ ಶೇ. 94ರಷ್ಟು ಬರೀ ಗಾಳಿ. ಅದಕ್ಕೇ ಬಿಸಿ ಒಳಗೆ ಇಳಿಯಲ್ಲ.

ಥರ್ಮಲ್ ಕಂಡಕ್ಟಿವಿಟಿ ಅಂತ ಪರೀಕ್ಷೆಯಲ್ಲಿ ಬರೆಯೋಕೆ ಬರುತ್ತೆ. ರಜೆಗೆ ನಂದಗಡಕ್ಕೆ ಹೋದಾಗ ಅಜ್ಜನಿಗೆ ಹೇಳೋಕೆ ಕನ್ನಡ ಪದ ಸಿಗಲಿಲ್ಲ. "ಕಂಬಳಿ ಇದ್ದಂಗ ಅಜ್ಜಾ, ನಡುವ ಗಾಳಿ" ಅಂದೆ. ಖಾನಾಪುರ ಸೀಮೆಯ ಮಳೆಯಲ್ಲಿ ಹಂಚಿನ ಮನೆ ಕಾಯ್ದವರು ಅವರು. ಬೆಂಕಿ ವಿಷಯ ಬಿಟ್ಟು ಕೇಳಿದರು: "ಅಷ್ಟು ತೂತಿದ್ರ ನೀರು ಕುಡಿತೈತಲ್ಲೋ ತಮ್ಮಾ?"

ನಾನು ಓದಿದ್ದ ಪೇಪರ್‌ನಲ್ಲಿ ಅದು ಇರಲಿಲ್ಲ. ಹುಡುಕಿದೆ. ಕುಡಿಯುತ್ತೆ! ನೀರು ತಡೆಯೋ ರಾಸಾಯನಿಕ ಮರಳುವ ಕಾವಿಗೆ ಸುಟ್ಟುಹೋಗುತ್ತಿತ್ತು. ಪ್ರತಿ ಹಾರಾಟದ ನಂತರ ಟೈಲ್‌ಗಳಿಗೆ ಸಣ್ಣ ತೂತಿನಿಂದ ಮತ್ತೆ ತುಂಬಬೇಕಿತ್ತು. ನೆನೆದರೆ ತೂಕ ಹೆಚ್ಚು, ಒಳಗಿನ ನೀರು ಹೆಪ್ಪುಗಟ್ಟಿದರೆ ಬಿರುಕು.

"ಹಂಗಾದ್ರ ವರ್ಷಾ ಹಂಚು ಕೈಯಾಡಿಸೂದು ಅವರಿಗೂ ತಪ್ಪಿಲ್ಲ" ಅಂತ ನಕ್ಕರು ಅಜ್ಜ. ಮುಂದಿನ ಪ್ರಶ್ನೆ ಅಂಟಿನದು. ಗಡಸು ಟೈಲಿಗೂ ಹಿಗ್ಗುವ ಅಲ್ಯೂಮಿನಿಯಂ ಮೈಗೂ ನಡುವೆ ಫೆಲ್ಟ್ ಇತ್ತು. ಫೆಲ್ಟ್‌ಗೆ ಏನನ್ನಲಿ? ಕಂಬಳಿಯನ್ನು ಆಗಲೇ ಖರ್ಚು ಮಾಡಿಬಿಟ್ಟಿದ್ದೆ.